ಹೂತ ಹೊನ್ನು, ಕಾಯುವ ಮಂಡಲಿ

ನಮ್ಮ ನಾಡಿನ ದಾನಶಾಸನಗಳನ್ನು ಓದಿ ಬಲ್ಲವರಿಗೆ ‘ಅಷ್ಟಭೋಗ’ವೆಂಬ ಮಾತು ಹೊಸದಲ್ಲ. ಅರಸನು ಒಂದು ಗ್ರಾಮವನ್ನು ಧಾರೆಯೆರೆದು ಕೊಡುವಾಗ ಅದರೊಡನೆ ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂಬ ಎಂಟು ಬಗೆಯ ಅನುಭೋಗಗಳನ್ನೂ ಬಿಟ್ಟುಕೊಡುತ್ತಿದ್ದನು. ಈ ಎಣಿಕೆಯಲ್ಲಿ ನೀರಿಗೂ ಕಲ್ಲಿಗೂ ಮೊದಲು ನಿಧಿ ನಿಕ್ಷೇಪಗಳು ಬಂದಿರುವುದನ್ನು ಗಮನಿಸಬೇಕು. ನೆಲದೊಳಗೆ ಹೊನ್ನಿದ್ದೀತೆಂಬ ನಿರೀಕ್ಷೆಯು ನಮ್ಮ ಹಿರಿಯರಿಗೆ ಅಜ್ಜಿಯ ಕಥೆ ಮಾತ್ರವಾಗಿರದೆ, ಕಲ್ಲಿನಲ್ಲಿ ಕೆತ್ತಿಸತಕ್ಕ ಒಂದು ಹಕ್ಕೂ ಆಗಿತ್ತು.

ಈ ನಿರೀಕ್ಷೆಯು ಎಲ್ಲ ದೇಶಗಳಲ್ಲಿಯೂ ಉಂಟು. ನಿಧಿಯ ಕಾವಲುಗಾರನು ಮಾತ್ರ ಒಂದೊಂದು ದೇಶದಲ್ಲಿ ಒಂದೊಂದು ರೂಪವನ್ನು ತಾಳುತ್ತಾನೆ. ನಮ್ಮಲ್ಲಿ ಅವನು ಏಳು ಹೆಡೆಯ ಸರ್ಪ. ಅವನಿರುವ ಎಡೆಯನ್ನು ತಿಳಿಯಲು ಅಂಗೈಗೆ ಅಂಜನವನ್ನು ಹಚ್ಚಿ ನೋಡುವವರುಂಟು. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಅವನು ಒಂದು ಗುಪ್ತಮಂಡಲಿಯ ಸದಸ್ಯ. ಅಲ್ಲಿ ಅಂಜನದ ಬದಲು ಲೋಹವನ್ನು ಪತ್ತೆಹಚ್ಚುವ ಯಂತ್ರವನ್ನು ಹಿಡಿದು ಹೊರಡುತ್ತಾರೆ. ಆ ಮಂಡಲಿಯ ನಿಜವಾದ ಚರಿತ್ರೆ ಏನು, ಅದರದೆಂದು ಹೇಳಲಾಗುವ ಚಿನ್ನ ಯಾರದು ಎಂಬುದನ್ನು ಇಂದು ನಾವು ವಿಚಾರ ಮಾಡೋಣ.

ಮೊದಲು ಐತಿಹ್ಯದ ಸಾರಾಂಶವನ್ನು ಹೇಳಿಬಿಡುವೆವು. ೧೮೬೧ರಿಂದ ೧೮೬೫ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದಲ್ಲಿ, ಒಕ್ಕೂಟದಿಂದ ಸಿಡಿದು ಹೋಗಿದ್ದ ದಕ್ಷಿಣದ ಸಂಸ್ಥಾನಗಳು ಸೋತುವು. ಸೋಲು ಸಮೀಪಿಸಿದುದನ್ನು ಕಂಡು ‘ನೈಟ್ಸ್ ಆಫ್ ದಿ ಗೋಲ್ಡನ್ ಸರ್ಕಲ್’, ಎಂದರೆ ಸುವರ್ಣವೃತ್ತದ ವೀರರು ಎಂಬ ಮಂಡಲಿಯವರು, ಮುಂದೆ ಹೂಡಬೇಕೆಂದಿದ್ದ ಎರಡನೆಯ ಯುದ್ಧಕ್ಕಾಗಿ ಅಪಾರವಾದ ಚಿನ್ನವನ್ನು ಅಲ್ಲಲ್ಲಿ ಹೂತರಂತೆ. ಮರಗಳ ತೊಗಟೆಯ ಮೇಲೂ ಬಂಡೆಗಳ ಮೇಲೂ ಸಂಕೇತಗಳನ್ನು ಕೆತ್ತಿ, ತಲೆತಲಾಂತರದ ಕಾವಲುಗಾರರನ್ನು ನೇಮಿಸಿದರಂತೆ. ಸುಪ್ರಸಿದ್ಧ ದರೋಡೆಗಾರನಾದ ಜೆಸ್ಸಿ ಜೇಮ್ಸನು ಬ್ಯಾಂಕುಗಳನ್ನೂ ರೈಲುಗಳನ್ನೂ ದೋಚಿದುದು ಈ ಬೊಕ್ಕಸವನ್ನು ತುಂಬುವುದಕ್ಕಾಗಿಯಂತೆ. ಮಂಡಲಿಯು ೧೯೧೬ರವರೆಗೂ ಗುಟ್ಟಾಗಿ ಬಾಳಿತಂತೆ. ೧೯೭೫ರಲ್ಲಿ ಪ್ರಕಟವಾದ ಒಂದು ಪುಸ್ತಕವು ಈ ಕಥೆಯನ್ನು ವಿಸ್ತರಿಸಿತು. ೨೦೦೩ರಲ್ಲಿ ಬಂದ ‘ಷ್ಯಾಡೋ ಆಫ್ ದಿ ಸೆಂಟಿನೆಲ್’ ಎಂಬ ಮತ್ತೊಂದು ಗ್ರಂಥವು ಆರ್ಕನ್ಸಾ ಸೀಮೆಯ ಕಾಡುಮರಗಳ ಮೇಲಿನ ಗೀರುಗಳನ್ನು ನಿಧಿಯ ನಕ್ಷೆಯೆಂದು ಓದಿತು. ೨೦೦೭ರಲ್ಲಿ ಹಾಲಿವುಡ್ಡಿನ ಒಂದು ಚಲಚ್ಚಿತ್ರವು ಈ ಮಂಡಲಿಯ ಹೆಸರನ್ನು ಲೋಕಕ್ಕೆಲ್ಲ ಸಾರಿತು.

ಈಗ ಚರಿತ್ರೆಗೆ ಬರೋಣ. ಇಂಥದೊಂದು ಮಂಡಲಿಯು ಇದ್ದುದು ನಿಜ, ಅದು ಕವಿಕಲ್ಪನೆಯಲ್ಲ. ಅದರ ಸ್ಥಾಪಕನು ಜಾರ್ಜ್ ಬಿಕ್ಲಿ ಎಂಬ ವರ್ಜೀನಿಯದವನು. ಇವನು ಒಹಾಯೋ ಸಂಸ್ಥಾನದ ಸಿನ್ಸಿನಾಟಿ ನಗರದ ಒಂದು ವೈದ್ಯಶಾಲೆಯಲ್ಲಿ ಉಪಾಧ್ಯಾಯನಾಗಿದ್ದನು. ಲಂಡನ್ ವಿಶ್ವವಿದ್ಯಾನಿಲಯದ ವೈದ್ಯ ಪದವೀಧರನೆಂದು ಹೇಳಿಕೊಳ್ಳುತ್ತಿದ್ದನಾದರೂ ಅದು ಸುಳ್ಳು. ಮಾತಿನಲ್ಲಿ ಚತುರ, ಬರವಣಿಗೆಯಲ್ಲಿ ಚುರುಕು, ಹಣದ ವಿಷಯದಲ್ಲಿ ಸದಾ ಸಂಕಷ್ಟದವನು. ಅವನ ಮಾತನ್ನೇ ನಂಬುವುದಾದರೆ, ಕೆಂಟಕಿಯ ಲೆಕ್ಸಿಂಗ್ಟನ್ ನಗರದಲ್ಲಿ ೧೮೫೪ರ ಜುಲೈ ೪ರಂದು ಮಂಡಲಿಯು ಹುಟ್ಟಿತು. ಅದರ ಚಟುವಟಿಕೆಯು ಕಣ್ಣಿಗೆ ಬೀಳುವುದು ಮಾತ್ರ ೧೮೫೯ರಿಂದ ಈಚೆಗೆ. ಮಂಡಲಿಯ ಶಾಖೆಗಳಿಗೆ ‘ಕೋಟೆ’ಗಳೆಂದು ಹೆಸರು. ಸದಸ್ಯರಲ್ಲಿ ಮೂರು ದರ್ಜೆಗಳು; ಮೊದಲನೆಯದು ಸೈನ್ಯದ್ದು, ಎರಡನೆಯದು ಹಣಕಾಸಿನದು, ಮೂರನೆಯದು ಆಡಳಿತದ್ದು. ಗುಪ್ತಾಕ್ಷರಗಳು, ಸಂಜ್ಞೆಗಳು, ಪ್ರಮಾಣವಚನಗಳು, ಪ್ರವೇಶಶುಲ್ಕ ಎಲ್ಲವೂ ಕ್ರಮಬದ್ಧವಾಗಿದ್ದುವು.

ಸುವರ್ಣವೃತ್ತವೆಂದರೇನು? ಭೂಪಟದಲ್ಲಿ ಕ್ಯೂಬಾ ದ್ವೀಪದ ಹವಾನಾ ನಗರದ ಮೇಲೆ ಕೈವಾರದ ಮೊನೆಯನ್ನೂರಿ, ಹದಿನಾರು ಡಿಗ್ರಿಗಳ ತ್ರಿಜ್ಯದಿಂದ ಒಂದು ವೃತ್ತವನ್ನೆಳೆಯಬೇಕು. ಅದರ ವ್ಯಾಸವು ಸುಮಾರು ೨,೪೦೦ ಮೈಲಿ. ಸಂಯುಕ್ತ ಸಂಸ್ಥಾನಗಳ ದಕ್ಷಿಣ ಭಾಗ, ಮೆಕ್ಸಿಕೋ ದೇಶದ ಬಹುಭಾಗ, ಮಧ್ಯ ಅಮೆರಿಕ, ಕೆರಿಬಿಯನ್ ದ್ವೀಪಗಳು, ದಕ್ಷಿಣ ಅಮೆರಿಕದ ಉತ್ತರದಂಚು ಇವೆಲ್ಲ ಅದರೊಳಗೆ ಬೀಳುತ್ತವೆ. ಹತ್ತಿ, ಸಕ್ಕರೆ, ಹೊಗೆಸೊಪ್ಪು, ಕಾಫಿ ಬೆಳೆಯುವ ಈ ವಿಶಾಲ ಪ್ರದೇಶವನ್ನೆಲ್ಲ ಒಂದು ಸಾಮ್ರಾಜ್ಯವಾಗಿ ಮಾಡಬೇಕೆಂಬುದೂ, ಆ ಸಾಮ್ರಾಜ್ಯದ ಬುನಾದಿಯು ಗುಲಾಮರ ದುಡಿಮೆಯಾಗಿರಬೇಕೆಂಬುದೂ ಮಂಡಲಿಯ ಸಂಕಲ್ಪ. ‘ಸುವರ್ಣ’ವೆಂಬ ಹೆಸರಿನಲ್ಲಿ ಹೂತಿಟ್ಟ ಚಿನ್ನದ ಸೂಚನೆಯೇ ಇರಲಿಲ್ಲ, ಅದು ಗುಲಾಮರ ಬೆವರಿನಿಂದ ಬರಬಹುದಾದ ಸಂಪತ್ತಿನ ಹೆಸರು.

ಇದರ ಘೋರತೆಯನ್ನು ಅರಿಯಲು ಎರಡು ಸಂಗತಿಗಳು ಸಾಕು. ೧೮೬೦ರ ಜನಗಣತಿಯ ಪ್ರಕಾರ ಸಂಯುಕ್ತ ಸಂಸ್ಥಾನಗಳಲ್ಲಿ ಗುಲಾಮರಾಗಿದ್ದವರು ೩೯ ಲಕ್ಷಕ್ಕೂ ಮಿಕ್ಕಿದ್ದರು. ನೆರೆಯ ಮೆಕ್ಸಿಕೋ ೧೮೨೯ರಲ್ಲಿಯೇ ಗುಲಾಮಗಿರಿಯನ್ನು ರದ್ದು ಮಾಡಿತ್ತು. ಆದುದರಿಂದ ಮೆಕ್ಸಿಕೋವನ್ನು ಗೆಲ್ಲುವುದೆಂದರೆ, ಬಿಡುಗಡೆ ಹೊಂದಿದ್ದ ನೆಲಕ್ಕೆ ಮತ್ತೆ ಸಂಕೋಲೆಯನ್ನು ತೊಡಿಸುವುದೆಂದೇ ಅರ್ಥ. ಇದು ಬರಿಯ ಹಗಲುಗನಸೂ ಅಲ್ಲ. ವಿಲಿಯಂ ವಾಕರನೆಂಬ ಸಾಹಸಿಯು ಬಾಡಿಗೆಯ ಬಂಟರನ್ನು ಕಟ್ಟಿಕೊಂಡು ನಿಕರಾಗುವ ದೇಶಕ್ಕೆ ನುಗ್ಗಿ, ೧೮೫೬ರಲ್ಲಿ ತಾನೇ ಅಧ್ಯಕ್ಷನೆನಿಸಿಕೊಂಡು, ಅಲ್ಲಿ ಗುಲಾಮಗಿರಿಯನ್ನು ಪುನಃ ಕಾನೂನುಬದ್ಧವಾಗಿ ಮಾಡಿದ್ದನು. ೧೮೬೦ರ ಸೆಪ್ಟೆಂಬರಿನಲ್ಲಿ ಹೊಂಡುರಾಸ್ ದೇಶದವರು ಅವನನ್ನು ಗುಂಡಿಟ್ಟು ಕೊಂದರು. ಬಿಕ್ಲಿಯ ವೀರರು ಹಿಡಿದುದು ಇದೇ ಹಾದಿಯನ್ನು.

ಮಂಡಲಿಯ ಬೊಕ್ಕಸದ ಸ್ಥಿತಿಯನ್ನು ತಿಳಿಯಲು ೧೮೬೦ರ ವಸಂತದಲ್ಲಿ ನಡೆದುದನ್ನು ನೋಡಬೇಕು. ಮೆಕ್ಸಿಕೋದ ಮೇಲೆ ದಂಡೆತ್ತಿ ಹೋಗಲು ಸದಸ್ಯರು ನ್ಯೂ ಆರ್ಲಿಯನ್ಸ್ ನಗರದಲ್ಲಿ ನೆರೆದರು. ಆದರೆ ಬಿಕ್ಲಿಯು ವಾಗ್ದಾನ ಮಾಡಿದ್ದ ಹಣವೂ ಇಲ್ಲ, ಪಡೆಯೂ ಇಲ್ಲ. ರೇಗಿದ ಸದಸ್ಯರು ಅವನನ್ನು ಮಂಡಲಿಯಿಂದಲೇ ಹೊರಹಾಕಿದರು. ಅವನು ಮೇ ತಿಂಗಳಲ್ಲಿ ಉತ್ತರ ಕ್ಯಾರೊಲಿನಾದ ರಾಲೀ ಎಂಬಲ್ಲಿ ಬೇರೊಂದು ಮಹಾಸಭೆಯನ್ನು ಕೂಡಿಸಿ ತನ್ನ ಪದವಿಯನ್ನು ಮರಳಿ ಪಡೆದುಕೊಂಡನು. ಅದೇ ವರ್ಷದ ಶರತ್ಕಾಲದಲ್ಲಿ ಟೆಕ್ಸಾಸ್ ಮಾರ್ಗವಾಗಿ ಹೋಗಬೇಕೆಂದು ಹೂಡಿದ ಎರಡನೆಯ ಯತ್ನವೂ ಫಲಿಸಲಿಲ್ಲ. ಪಯಣಕ್ಕೇ ಹಣ ಹೊಂದಿಸಲಾರದ ಮಂಡಲಿಯು ನಾಲ್ಕೈದು ವರ್ಷಗಳಲ್ಲಿ ನಾಡಿನ ಉದ್ದಗಲಕ್ಕೂ ಚಿನ್ನವನ್ನು ಹೂಳುವಷ್ಟು ಶ್ರೀಮಂತವಾಯಿತೆಂದು ಹೇಳುವವರು, ಆ ಚಿನ್ನ ಬಂದ ದಾರಿಯನ್ನು ತೋರಿಸಬೇಕಾಗುತ್ತದೆ.

ಹಾಗೆಂದು ಮಂಡಲಿಯು ನಿರುಪದ್ರವಿಯಾಗಿತ್ತೆಂದು ನಾವು ಹೇಳುವುದಿಲ್ಲ. ೧೮೬೧ರ ಫೆಬ್ರವರಿ ೧೬ರಂದು ಟೆಕ್ಸಾಸಿನ ಸ್ಯಾನ್ ಆಂಟೋನಿಯೋ ನಗರದಲ್ಲಿದ್ದ ಕೇಂದ್ರ ಸರ್ಕಾರದ ಶಸ್ತ್ರಾಗಾರವನ್ನು ಬೆನ್ ಮೆಕಲಕನ ಪಡೆಯು ಸುತ್ತುವರಿದಾಗ, ಆ ಪಡೆಯಲ್ಲಿ ಮಂಡಲಿಯ ಸದಸ್ಯರು ಅನೇಕರಿದ್ದರು. ಸೇನಾಪತಿ ಟ್ವಿಗ್ಸನು ಹೋರಾಡದೆಯೇ ಎಲ್ಲವನ್ನೂ ಒಪ್ಪಿಸಿದನು. ಯುದ್ಧವು ಆರಂಭವಾದ ಮೇಲೆ ದಕ್ಷಿಣದ ಸದಸ್ಯರು ಬಹುಮಟ್ಟಿಗೆ ಬಹಿರಂಗವಾಗಿ ಸೈನ್ಯವನ್ನು ಸೇರಿದರು. ಗುಟ್ಟಿಗೆ ಅವಶ್ಯಕತೆಯೇ ಇಲ್ಲವಾಯಿತು. ಬಿಕ್ಲಿಯು ೧೮೬೩ರ ಜುಲೈನಲ್ಲಿ ಇಂಡಿಯಾನಾ ಸಂಸ್ಥಾನದಲ್ಲಿ ಗೂಢಚಾರನೆಂದು ಸೆರೆಸಿಕ್ಕಿದನು. ವಿಚಾರಣೆಯಿಲ್ಲದೆ ಎರಡು ವರ್ಷಗಳಿಗೂ ಮೇಲ್ಪಟ್ಟು ಬಂಧನದಲ್ಲಿದ್ದು, ೧೮೬೫ರ ಅಕ್ಟೋಬರಿನಲ್ಲಿ ಬಿಡುಗಡೆಯಾಗಿ, ೧೮೬೭ರ ಆಗಸ್ಟಿನಲ್ಲಿ ಬಾಲ್ಟಿಮೋರ್ ನಗರದಲ್ಲಿ ತೀರಿಕೊಂಡನು. ಯುದ್ಧದ ಕೊನೆಯಲ್ಲಿ ಚಿನ್ನವನ್ನು ಹೂಳಿಸಿದನೆಂದು ಹೇಳಲಾಗುವ ಮಂಡಲಿಯ ಮೂಲಪುರುಷನು ಆಗ ಸರ್ಕಾರದ ಸೆರೆಯಲ್ಲಿದ್ದನು!

ಹಾಗಾದರೆ ಮಂಡಲಿಗೆ ಇಷ್ಟು ದೊಡ್ಡ ಹೆಸರು ಹೇಗೆ ಬಂದಿತು? ಇದಕ್ಕೆ ಉತ್ತರವನ್ನು ಅದರ ಮಿತ್ರರಿಗಿಂತ ಹೆಚ್ಚಾಗಿ ಶತ್ರುಗಳಲ್ಲಿ ಹುಡುಕಬೇಕು. ಯುದ್ಧಕಾಲದಲ್ಲಿ ಉತ್ತರದ ಸಂಸ್ಥಾನಗಳಲ್ಲಿ ಅಧ್ಯಕ್ಷ ಲಿಂಕನ್ನನ ನೀತಿಯನ್ನು ವಿರೋಧಿಸುತ್ತಿದ್ದವರು ಹಲವರಿದ್ದರು. ಅವರನ್ನೆಲ್ಲ ಸುವರ್ಣವೃತ್ತದ ರಹಸ್ಯ ವೀರರೆಂದು ಕರೆಯುವುದು ಪ್ರತಿಪಕ್ಷದ ಪತ್ರಿಕೆಗಳಿಗೆ ವಾಡಿಕೆಯಾಯಿತು. ಸೈನ್ಯದ ಮುಖ್ಯ ನ್ಯಾಯಾಧಿಕಾರಿಯಾದ ಜೋಸೆಫ್ ಹೋಲ್ಟನು ೧೮೬೪ರ ಅಕ್ಟೋಬರಿನಲ್ಲಿ, ಎಂದರೆ ಚುನಾವಣೆಗೆ ಕೆಲವೇ ವಾರಗಳ ಮುಂಚೆ, ಈ ಬಗೆಯ ಸಂಘಗಳ ಮೇಲೆ ಭಯಂಕರವಾದ ಒಂದು ವರದಿಯನ್ನು ಪ್ರಕಟಿಸಿದನು. ಉತ್ತರದ ಸಂಘಗಳನ್ನು ಕುರಿತು ೧೯೮೪ರಲ್ಲಿ ವಿಸ್ತಾರವಾದ ಗ್ರಂಥವನ್ನು ಬರೆದ ಫ್ರಾಂಕ್ ಕ್ಲೆಮೆಂಟ್ ಎಂಬ ಇತಿಹಾಸಕಾರರು, ಅವುಗಳ ಬಲವೆಲ್ಲ ಬಹುಪಾಲು ರಾಜಕೀಯ ವಿರೋಧಿಗಳು ಉಬ್ಬಿಸಿದ ಕಥೆಯೆಂದು ವಾದಿಸಿದರು. ದಕ್ಷಿಣದ ಕೋಟೆಗಳಿಗೆ ಯುದ್ಧಕ್ಕೆ ಮುಂಚೆ ನಿಜವಾದ ಪ್ರಭಾವವಿದ್ದಿತೆಂದು ಡೇವಿಡ್ ಕೀನ್ ಎಂಬುವರು ೨೦೧೩ರಲ್ಲಿ ತೋರಿಸಿದ್ದಾರೆ. ಇಬ್ಬರ ಮಾತನ್ನೂ ಕೂಡಿಸಿ ನೋಡಿದರೆ ಚಿತ್ರ ಸ್ಪಷ್ಟವಾಗುತ್ತದೆ: ಯುದ್ಧಕ್ಕೆ ಮೊದಲು ಕೆಲಸ ಮಾಡಿದ ಒಂದು ಮಂಡಲಿ, ಯುದ್ಧದ ನಡುವೆ ಭಯದಿಂದ ಬೆಳೆದ ಅದರ ನೆರಳು. ನಿಧಿಯನ್ನು ಹುಡುಕುವವರ ಕೈಗೆ ಸಿಕ್ಕಿದುದು ಈ ನೆರಳು.

ದಕ್ಷಿಣದ ಸರ್ಕಾರದ ಚಿನ್ನವೇನಾಯಿತೆಂದು ಕೇಳುವುದು ಸಹಜ. ೧೮೬೫ರ ಏಪ್ರಿಲ್ ೨ರ ರಾತ್ರಿ ಅಧ್ಯಕ್ಷ ಜೆಫರ್ಸನ್ ಡೇವಿಸನು ರಿಚ್ಮಂಡ್ ರಾಜಧಾನಿಯನ್ನು ಬಿಟ್ಟು ಹೊರಟಾಗ, ಬೊಕ್ಕಸವನ್ನೂ ರೈಲಿನಲ್ಲಿ ಸಾಗಿಸಲಾಯಿತು. ನೌಕಾಶಾಲೆಯ ಎಳೆಯ ವಿದ್ಯಾರ್ಥಿಗಳು ಅದಕ್ಕೆ ಕಾವಲಾಗಿದ್ದರು. ದಾರಿಯಲ್ಲಿ ಅದರ ದೊಡ್ಡ ಭಾಗವು ಸೈನಿಕರ ಸಂಬಳಕ್ಕೆ ಹೋಯಿತು. ಸವಾನಾ ನದಿಯ ಬಳಿಯಲ್ಲಿ ಒಬ್ಬೊಬ್ಬನಿಗೆ ಸುಮಾರು ೨೬ ಡಾಲರು ಹಂಚಿದರು. ಡೇವಿಸನು ಮೇ ೧೦ರಂದು ಜಾರ್ಜಿಯಾದಲ್ಲಿ ಸೆರೆಸಿಕ್ಕಿದನು. ಅದೇ ದಾರಿಯಲ್ಲಿ ಬಂದಿದ್ದ, ರಿಚ್ಮಂಡಿನ ಬ್ಯಾಂಕುಗಳಿಗೆ ಸೇರಿದ ಬೇರೆಯ ಚಿನ್ನವನ್ನು ಮೇ ೨೪ರ ರಾತ್ರಿ ದರೋಡೆಗಾರರು ದೋಚಿದರು. ಒಂದು ಭಾಗವು ಮತ್ತೆ ದೊರೆಯಿತು. ಇಲ್ಲಿ ಕಾಣುವುದು ಹಸಿದ ಸೈನಿಕರು, ಅವಸರದ ಹಂಚಿಕೆ, ಸಂದುಗೊಂದಿಯ ಕಳವು. ದೂರಾಲೋಚನೆಯಿಂದ ಚಿನ್ನವನ್ನು ಭೂಗತಮಾಡಿದ ವ್ಯವಸ್ಥೆಯ ಗುರುತು ಇಲ್ಲ.

ಜೆಸ್ಸಿ ಜೇಮ್ಸನ ಸಂಬಂಧವು ಇದಕ್ಕಿಂತಲೂ ಸಡಿಲವಾದುದು. ಅವನು ಹುಟ್ಟಿದುದು ೧೮೪೭ರಲ್ಲಿ. ಬಿಕ್ಲಿಯು ಮಂಡಲಿಯನ್ನು ಸ್ಥಾಪಿಸಿದೆನೆಂದು ಹೇಳಿದ ವರ್ಷ ಅವನಿನ್ನೂ ಬಾಲಕ. ಬಿಕ್ಲಿಯು ಸತ್ತಾಗ ಇಪ್ಪತ್ತೂ ತುಂಬದ ತರುಣ. ೧೮೮೨ರ ಏಪ್ರಿಲ್ ೩ರಂದು ಸ್ವಂತ ತಂಡದವನ ಗುಂಡಿಗೆ ಬಲಿಯಾದನು. ಆದರೆ ೧೯೪೮ರಲ್ಲಿ ಫ್ರಾಂಕ್ ಡಾಲ್ಟನ್ ಎಂಬ ಹಣ್ಣುಮುದುಕನು ತಾನೇ ನಿಜವಾದ ಜೆಸ್ಸಿಯೆಂದು ಸಾರಿದನು. ನಿಧಿಯ ಕಥೆಯ ಬಹುಭಾಗವು ಹರಿದುಬಂದುದು ಈತನ ಸುತ್ತಮುತ್ತಿನಿಂದ. ೧೯೯೫ರಲ್ಲಿ ಮಿಸ್ಸೂರಿಯ ಸಮಾಧಿಯನ್ನು ಅಗೆದು, ಅಸ್ಥಿಯನ್ನು ತಾಯಿಯ ಕಡೆಯ ವಂಶಸ್ಥರ ರಕ್ತದೊಡನೆ ಹೋಲಿಸಿ ಪರೀಕ್ಷಿಸಿದಾಗ ಅಲ್ಲಿ ಮಲಗಿದವನೇ ಜೆಸ್ಸಿಯೆಂಬುದಕ್ಕೆ ಬಲವಾದ ಪ್ರಮಾಣ ದೊರೆಯಿತು. ಮುದುಕನ ಮಾತು ಬಿದ್ದುಹೋಯಿತು. ಅದರ ಮೇಲೆ ಕಟ್ಟಿದ ಕಥೆ ಬೀಳಲಿಲ್ಲ.

ಇನ್ನು ನಿಜವಾಗಿ ದೊರೆತ ಎರಡು ನಿಧಿಗಳ ಮಾತು. ೧೯೩೪ರ ಆಗಸ್ಟ್ ೩೧ರಂದು, ಬಿಕ್ಲಿಯು ಸತ್ತ ಬಾಲ್ಟಿಮೋರ್ ನಗರದಲ್ಲಿಯೇ, ಇಬ್ಬರು ಬಡ ಹುಡುಗರು ಬಾಡಿಗೆಯ ಮನೆಯ ನೆಲಮಾಳಿಗೆಯನ್ನು ಅಗೆಯುತ್ತಿದ್ದಾಗ ಚಿನ್ನದ ನಾಣ್ಯಗಳು ಸಿಕ್ಕಿದುವು, ಲೆಕ್ಕಮಾಡಲಾಗಿ ೩,೫೫೮. ಹುಡುಗರು ಅವನ್ನು ಪೊಲೀಸರಿಗೆ ಒಪ್ಪಿಸಿದರು. ಹಲವರು ಹಕ್ಕುದಾರರೆಂದು ನ್ಯಾಯಾಲಯಕ್ಕೆ ಬಂದರು. ತೀರ್ಪು ಹುಡುಗರ ಪರವಾಯಿತು. ೧೯೩೫ರ ಹರಾಜಿನಲ್ಲಿ ಸುಮಾರು ೨೦,೦೦೦ ಡಾಲರು ಬಂದಿತು. ಇಬ್ಬರಲ್ಲೊಬ್ಬನು ಆ ಹಣವನ್ನು ಕಾಣದೆಯೇ ೧೯೩೭ರಲ್ಲಿ ಜ್ವರದಿಂದ ಸತ್ತನು. ಇದು ಸುವರ್ಣವೃತ್ತದ ಹೂಳೆಂದು ಹೇಳುವವರಿದ್ದಾರೆ. ಆದರೆ ಆ ನಾಣ್ಯಗಳಲ್ಲಿ ಕಡೆಯದರ ವರ್ಷ ೧೮೫೬. ಯುದ್ಧಕ್ಕಾಗಿ ೧೮೬೧ರಲ್ಲಿಯೋ ಆಮೇಲೆಯೋ ಕೂಡಿಟ್ಟ ಚಿನ್ನವಾಗಿದ್ದರೆ ನಡುವಣ ವರ್ಷಗಳ ನಾಣ್ಯಗಳೂ ಅದರಲ್ಲಿ ಬೆರೆತಿರಬೇಕಾಗಿತ್ತು. ಅಷ್ಟರಲ್ಲಿಯೇ, ೧೮೫೭ರಲ್ಲಿ, ಅಮೆರಿಕದ ಬ್ಯಾಂಕುಗಳು ಒಂದರ ಮೇಲೊಂದು ಬಾಗಿಲು ಮುಚ್ಚಿದುವೆಂಬುದನ್ನು ನೆನೆದರೆ, ಹೂತವನ ಮನಸ್ಸನ್ನು ಊಹಿಸಲು ಮಂಡಲಿಯ ಸಹಾಯ ಬೇಕಾಗುವುದಿಲ್ಲ.

ಎರಡನೆಯದು ೨೦೧೩ರ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯಾದ ಬೆಟ್ಟಸೀಮೆಯಲ್ಲಿ, ತಮ್ಮ ಜಮೀನಿನಲ್ಲಿ ನಾಯಿಯೊಡನೆ ನಡೆಯುತ್ತಿದ್ದ ದಂಪತಿಗಳಿಗೆ ಸಿಕ್ಕಿತು. ಎಂಟು ತಗಡಿನ ಡಬ್ಬಿಗಳಲ್ಲಿ ೧,೪೨೭ ಚಿನ್ನದ ನಾಣ್ಯಗಳು. ಮುಖಬೆಲೆ ೨೭,೯೮೦ ಡಾಲರು. ಸಂಗ್ರಾಹಕರ ಆಗಿನ ಅಂದಾಜಿನಲ್ಲಿ ಒಂದು ಕೋಟಿ ಡಾಲರಿನಷ್ಟು. ಸುದ್ದಿ ಹೊರಬಿದ್ದ ಕೂಡಲೆ ಜೆಸ್ಸಿ ಜೇಮ್ಸನ ಹೆಸರೂ ಮಂಡಲಿಯ ಹೆಸರೂ ಕೇಳಿಬಂದುವು. ಆದರೆ ನಾಣ್ಯಗಳ ಕಾಲ ೧೮೪೭ರಿಂದ ೧೮೯೪. ಕೊನೆಯ ನಾಣ್ಯವು ಟಂಕಸಾಲೆಯಿಂದ ಹೊರಬಿದ್ದಾಗ ಜೆಸ್ಸಿಯು ಸತ್ತು ಹನ್ನೆರಡು ವರ್ಷಗಳಾಗಿದ್ದುವು. ಡಬ್ಬಿಗಳನ್ನು ಪರೀಕ್ಷಿಸಿದವರಿಗೆ ತೋರಿದ ಪ್ರಕಾರ, ಅವನ್ನು ಒಂದೇ ದಿನ ಹೂತಂತಿಲ್ಲ; ವರ್ಷಾನುವರ್ಷ ಯಾರೋ ಒಂದೊಂದಾಗಿ ಸೇರಿಸಿದಂತಿದೆ. ಸೇನೆಯ ಬೊಕ್ಕಸವು ಹೀಗೆ ಕೂಡುವುದಿಲ್ಲ. ಬ್ಯಾಂಕನ್ನು ನಂಬದ ಗೃಹಸ್ಥನ ಗಂಟು ಹೀಗೆ ಕೂಡುತ್ತದೆ. ನಮ್ಮ ಮನೆಗಳಲ್ಲಿ ಅಕ್ಕಿಯ ಗಡಿಗೆಯ ತಳದಲ್ಲಿ ಕಾಸಿಡುತ್ತಿದ್ದ ಹಿರಿಯ ಹೆಂಗಸರನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಹೀಗಿದ್ದೂ ಕಥೆಯೇಕೆ ಸಾಯುವುದಿಲ್ಲ? ಗುಪ್ತಮಂಡಲಿಯೆಂಬುದು ತರ್ಕಕ್ಕೆ ಸಿಕ್ಕದ ಕಾವಲುಗಾರನಾದುದರಿಂದ. ದಾಖಲೆಯಿಲ್ಲವೆಂದರೆ, ಗುಪ್ತಮಂಡಲಿಯು ದಾಖಲೆಯನ್ನು ಇಡುವುದುಂಟೆ ಎನ್ನುತ್ತಾರೆ. ಅಗೆದಲ್ಲಿ ಚಿನ್ನವಿಲ್ಲವೆಂದರೆ, ಕಾವಲುಗಾರರು ಮೊದಲೇ ಸಾಗಿಸಿದರೆನ್ನುತ್ತಾರೆ. ೨೦೧೮ರ ಮಾರ್ಚಿನಲ್ಲಿ ಪೆನ್ಸಿಲ್ವೇನಿಯಾದ ಡೆಂಟ್ಸ್ ರನ್ ಎಂಬ ಕಾಡಿನಲ್ಲಿ, ೧೮೬೩ರಲ್ಲಿ ಕಳೆದುಹೋಯಿತೆಂದು ಹೇಳಲಾಗುವ ಸರ್ಕಾರದ ಚಿನ್ನಕ್ಕಾಗಿ ಕೇಂದ್ರ ತನಿಖಾ ಇಲಾಖೆಯವರೇ ನೆಲವನ್ನು ಅಗೆದರು. ಏನೂ ಸಿಕ್ಕಲಿಲ್ಲವೆಂದು ತಿಳಿಸಿದರು. ಆ ಸ್ಥಳವನ್ನು ತೋರಿಸಿದ್ದ ನಿಧಿಶೋಧಕರು ಸುಮ್ಮನಾದರೆ? ಇಲಾಖೆಯೇ ರಾತ್ರೋರಾತ್ರಿ ಚಿನ್ನವನ್ನು ಒಯ್ದಿತೆಂದು ಸಂಶಯಪಟ್ಟು ನ್ಯಾಯಾಲಯದ ಮೆಟ್ಟಿಲೇರಿದರು. ನಮ್ಮಲ್ಲಿಯೂ ಅಂಜನ ಹಾಕಿದವನು, ನಿಧಿ ಸಿಕ್ಕದಿದ್ದಾಗ, ಸರ್ಪವು ಮುನಿದು ಅದನ್ನು ಬೇರೆಡೆಗೆ ಸರಿಸಿತೆಂದು ಹೇಳುವುದುಂಟಲ್ಲವೆ?

ಇದು ಕೆಲವರ ಹುಚ್ಚು, ನಮಗೇನು ಎಂದು ಬಿಟ್ಟುಬಿಡಬಹುದಾಗಿತ್ತು. ಆದರೆ ಇದರಿಂದ ಚರಿತ್ರೆಗೆ ಒಂದು ಹಾನಿಯಾಗಿದೆ. ಅದಕ್ಕಾಗಿಯೇ ಈ ವಿಷಯವನ್ನು ಎತ್ತಿಕೊಂಡೆವು. ಐತಿಹ್ಯದಲ್ಲಿ ಈ ಮಂಡಲಿಯವರು ಕೊಟ್ಟ ಮಾತಿಗೆ ತಪ್ಪದ ನಿಷ್ಠಾವಂತರು, ಸೋತ ಪಕ್ಷದ ಗಂಭೀರ ಕಾವಲುಗಾರರು. ಓದುವವರ ಕಣ್ಣೆಲ್ಲ ಸಂಕೇತಗಳ ಮೇಲೆ, ನಕ್ಷೆಯ ಮೇಲೆ, ಮಿನುಗುವ ಚಿನ್ನದ ಮೇಲೆ. ಯಾವ ಜನರನ್ನು ಹಿಡಿದು ಮಾರಿ ದುಡಿಸಬೇಕೆಂದು ಆ ವೃತ್ತವನ್ನು ಎಳೆದರೋ, ಆ ಲಕ್ಷಾಂತರ ಗುಲಾಮರಿಗೆ ಈ ಕಥೆಯಲ್ಲಿ ಸ್ಥಳವೇ ಇಲ್ಲ. ಮಂಡಲಿಯು ನಿಜವಾಗಿ ಹೂಳಲೆಣಿಸಿದುದು ಮನುಷ್ಯರ ಸ್ವಾತಂತ್ರ್ಯವನ್ನು. ನಿಧಿಯ ಮಾತು ಎದ್ದಾಗಲೆಲ್ಲ ಆ ಸಂಗತಿಯು ಮತ್ತಷ್ಟು ಮಣ್ಣಿನಡಿಗೆ ಹೋಗುತ್ತದೆ.

ನಮ್ಮ ಸೀಮೆಯಲ್ಲಿ ಈ ಹಾನಿಯು ಕಣ್ಣಿಗೇ ಕಾಣುವಂತಹುದು. ಹಾಳುಬಿದ್ದ ಗುಡಿಯ ಗರ್ಭಗೃಹವನ್ನು ಅಗೆದಿರುವುದನ್ನೂ, ಲಿಂಗವನ್ನು ಕಿತ್ತೆಸೆದಿರುವುದನ್ನೂ, ವೀರಗಲ್ಲನ್ನು ಒಡೆದಿರುವುದನ್ನೂ ಹಳ್ಳಿಗಾಡಿನಲ್ಲಿ ಸಂಚರಿಸುವ ಶಾಸನಾಸಕ್ತರು ನೋಡಿಯೇ ಇರುತ್ತಾರೆ. ಕಲ್ಲಿನ ಮೇಲೆ ಕೆತ್ತಿದ ಸೂರ್ಯಚಂದ್ರರು ನಿಧಿಯ ಗುರುತೆಂದು ನಂಬಿ, ದಾನವು ಆಚಂದ್ರಾರ್ಕವಾಗಿ ನಡೆಯಲೆಂದು ಹಿರಿಯರು ಇಟ್ಟ ಸಾಕ್ಷಿಯನ್ನು ಪುಡಿಮಾಡುವರು. ದೊರೆತ ನಿಕ್ಷೇಪವು ಹತ್ತು ರೂಪಾಯಿಗೆ ಮೇಲ್ಪಟ್ಟುದಾದರೆ ಕಲೆಕ್ಟರರಿಗೆ ತಿಳಿಸಬೇಕೆಂದು ೧೮೭೮ರ ಇಂಡಿಯಾ ನಿಧಿ ಶಾಸನವು ವಿಧಿಸಿತು. ಇದರಿಂದ ಹಕ್ಕಿನ ತೀರ್ಮಾನವಾಗುವುದು ಒಂದು ಪ್ರಯೋಜನ. ಯಾವ ನಾಣ್ಯವು ಯಾವ ಪಾತ್ರೆಯಲ್ಲಿ, ಯಾವ ನೆಲದಲ್ಲಿ, ಯಾವುದರ ಜೊತೆಯಲ್ಲಿ ಸಿಕ್ಕಿತೆಂಬುದು ಬರಹದಲ್ಲಿ ಉಳಿಯುವುದು ಮತ್ತೊಂದು. ಬಾಲ್ಟಿಮೋರಿನ ಹುಡುಗರು ನಾಣ್ಯಗಳನ್ನು ಪೊಲೀಸರಿಗೆ ಒಪ್ಪಿಸಿದ್ದರಿಂದಲೇ ೧೮೫೬ ಎಂಬ ಆ ಒಂದು ವರ್ಷವು ನಮಗೆ ತಿಳಿದಿದೆ. ಗುಟ್ಟಾಗಿ ಕರಗಿಸಿದ್ದರೆ ಮಂಡಲಿಯ ಕಥೆಯನ್ನು ಅಲ್ಲಗಳೆಯಲು ನಮ್ಮ ಕೈಯಲ್ಲಿ ಏನೂ ಇರುತ್ತಿರಲಿಲ್ಲ.

ಇನ್ನು ಮುಂದೆ ಎಲ್ಲಿಯಾದರೂ ನಿಧಿಯ ಸುದ್ದಿ ಬಂದಾಗ, ಅದರ ಬೆಲೆಯೆಷ್ಟೆಂದು ಕೇಳುವ ಮೊದಲು ಮೂರು ಪ್ರಶ್ನೆಗಳನ್ನು ಕೇಳುವ ಅಭ್ಯಾಸವನ್ನು ನಾವು ಮಾಡಿಕೊಳ್ಳುವುದು ಒಳ್ಳೆಯದು. ಅದರಲ್ಲಿ ಕಡೆಯ ನಾಣ್ಯ ಯಾವ ವರ್ಷದ್ದು? ಆ ಕಾಲದಲ್ಲಿ ಆ ಊರಿನ ಜನರು ಯಾವುದಕ್ಕೆ ಹೆದರಿದ್ದರು? ಹೂತವನು ಅದನ್ನು ತೆಗೆಯಲು ಏಕೆ ಮರಳಿ ಬರಲಿಲ್ಲ? ಈ ಮೂರನೆಯ ಪ್ರಶ್ನೆಗೆ ಅನೇಕ ವೇಳೆ ಉತ್ತರವು ದೊರೆಯುವುದಿಲ್ಲ. ಆದರೂ ಅದನ್ನು ಕೇಳಿದಾಗ ಸರ್ಪವೂ ಗುಪ್ತಮಂಡಲಿಯೂ ಸರಿದುಹೋಗಿ, ದೀಪವನ್ನು ಮರೆಮಾಡಿಕೊಂಡು ತನ್ನ ಮನೆಯ ನೆಲವನ್ನೇ ಅಗೆಯುತ್ತಿರುವ ಒಬ್ಬ ಮನುಷ್ಯನು ನಮಗೆ ಕಾಣಿಸುತ್ತಾನೆ.